ಟೈಟಾನಿಯಂ ಭಾಗಗಳು ಬಾಳಿಕೆ ಬರಲು ಮೇಲ್ಮೈಗೆ ಏನು ಮಾಡಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಟೈಟಾನಿಯಂ ಭಾಗಗಳ ಮೇಲ್ಮೈ ಬಗ್ಗೆ ಮಾತಿನಲ್ಲಿ, ಪತ್ರದಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ.

ಯಾರೇ ಕೇಳಲಿ, ನಾನು ಮೊದಲು ತಿರುಗಿ ಕೇಳುವುದು ಒಂದೇ: ನಿಮ್ಮ ಭಾಗ ಈಗ ಹೇಗೆ ಹಾಳಾಗುತ್ತಿದೆ? ಉಜ್ಜಿ ಸವೆಯುತ್ತಿದೆಯಾ, ಕಚ್ಚಿಕೊಳ್ಳುತ್ತಿದೆಯಾ, ಬಿರುಕು ಬಿಡುತ್ತಿದೆಯಾ? ಸವೆತ ತಡೆಯುವ ಕೆಲಸವೇ ಬಿರುಕನ್ನು ಬೇಗ ತರಬಹುದು. ಇದು ಗೊತ್ತಿಲ್ಲದೆ ಒಳ್ಳೆಯ ಭಾಗವನ್ನು ಕೈಯಾರೆ ಹಾಳು ಮಾಡಿಕೊಂಡವರನ್ನು ಕಂಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆದಿದ್ದು.

## ಮೊದಮೊದಲ ಪ್ರಶ್ನೆಗಳು

ಟೈಟಾನಿಯಂ ಅಂದ್ರೇನೇ ಗಟ್ಟಿ ಲೋಹ. ಅದಕ್ಕೆ ಮತ್ತೆ ಯಾಕೆ ಟ್ರೀಟ್‌ಮೆಂಟ್?

ಗಟ್ಟಿ ಅನ್ನುವ ಒಂದೇ ಮಾತಿನಲ್ಲಿ ನಾವು ಎರಡು ಗುಣ ಸೇರಿಸಿಬಿಡುತ್ತೇವೆ. ಎಳೆದರೆ ಮುರಿಯದಿರುವುದು ಒಂದು. ಗೀರು ಬೀಳದಿರುವುದು ಇನ್ನೊಂದು. ಮೊದಲನೆಯದರಲ್ಲಿ ಟೈಟಾನಿಯಂ ನಿಜಕ್ಕೂ ಮುಂದು. ತೂಕ ಉಕ್ಕಿಗಿಂತ ಬಹಳ ಕಡಿಮೆ: ಒಂದು ಘನ ಸೆಂಟಿಮೀಟರಿಗೆ 4.5 ಗ್ರಾಂ, ಉಕ್ಕಿನದು ಸುಮಾರು 7.8. ಆದರೂ ಅದರ ಮಿಶ್ರಲೋಹಗಳು ಒಳ್ಳೆಯ ಉಕ್ಕಿಗೆ ಸಮನಾಗಿ ಹೊರೆ ತಡೆಯುತ್ತವೆ.

ಗಡಸಿನ ಮಾತು ಬೇರೆ. ಎಲ್ಲರೂ ಬಳಸುವ ಗ್ರೇಡ್ 5, ಅಂದರೆ ಶೇ. 6 ಅಲ್ಯೂಮಿನಿಯಂ ಮತ್ತು ಶೇ. 4 ವನೇಡಿಯಂ ಬೆರೆತ ಲೋಹ, ವಿಕರ್ಸ್ ಅಳತೆಯಲ್ಲಿ ಸುಮಾರು 350ರ ಆಸುಪಾಸಿನಲ್ಲಿದೆ. ಬೇರಿಂಗಿನ ಗಡಸು ಉಕ್ಕು 700 ದಾಟುತ್ತದೆ. ಹಾಗಾಗಿ ಒಂದರ ಮೇಲೊಂದು ಉಜ್ಜುವ ಜಾಗದಲ್ಲಿ ಬರೀ ಟೈಟಾನಿಯಂ ಬಾಳುವುದಿಲ್ಲ.

ಟೈಟಾನಿಯಂ ಬೋಲ್ಟ್ ಅರ್ಧ ಬಿಗಿಯುವಷ್ಟರಲ್ಲಿ ಕಚ್ಚಿಕೊಂಡುಬಿಡ್ತು. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಏನಾಯ್ತು?

ಇದನ್ನು ಗಾಲಿಂಗ್ ಅನ್ನುತ್ತಾರೆ. ಟೈಟಾನಿಯಂ ಮೇಲೆ ಯಾವಾಗಲೂ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಇರುತ್ತದೆ. ಬಿಗಿಯುವಾಗ ಥ್ರೆಡ್‌ಗಳು ಒಂದನ್ನೊಂದು ಒತ್ತಿ ಜಾರುತ್ತವೆ, ಆ ಪದರ ಹರಿಯುತ್ತದೆ. ಕೆಳಗಿನ ಬರೀ ಲೋಹ ಎದುರಿನ ಲೋಹಕ್ಕೆ ಅಂಟಿಕೊಳ್ಳುತ್ತದೆ. ತಿರುಗಿಸುತ್ತಾ ಹೋದಂತೆ ಅಂಟಿದ ಚೂರು ಕಿತ್ತು ಬಂದು ಪಕ್ಕದಲ್ಲಿ ಸೇರಿ ಗಂಟು ಕಟ್ಟುತ್ತದೆ. ಟೈಟಾನಿಯಂ ಶಾಖವನ್ನು ಬೇಗ ಸಾಗಿಸುವುದಿಲ್ಲ, ಬಿಸಿ ಅಲ್ಲೇ ನಿಂತು ಅಂಟುವಿಕೆ ಇನ್ನೂ ಜಾಸ್ತಿಯಾಗುತ್ತದೆ.

ಸುಲಭದ ದಾರಿ ಮೊದಲು ನೋಡಿ. ಬೋಲ್ಟ್ ಟೈಟಾನಿಯಂ ಇದ್ದರೆ ನಟ್ಟು ಬೇರೆ ಲೋಹದ್ದಿರಲಿ. ಥ್ರೆಡ್‌ಗೆ ಆಂಟಿ-ಸೀಜ್ ಪೇಸ್ಟ್ ಅಥವಾ ಮಾಲಿಬ್ಡಿನಂ ಡೈಸಲ್ಫೈಡ್ ಇರುವ ಒಣ ಲೇಪ ಹಚ್ಚಿ. ನಿಧಾನಕ್ಕೆ, ಕೈಯಲ್ಲೇ ಬಿಗಿಯಿರಿ. ಜಾರುವಿಕೆ ಹೆಚ್ಚಾದರೆ ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಎಳೆಯಲ್ಪಡುತ್ತದೆ, ಹಾಗಾಗಿ ಟಾರ್ಕ್ ಲೆಕ್ಕವನ್ನೂ ತಿದ್ದಿಕೊಳ್ಳಿ. ಪದೇ ಪದೇ ಬಿಚ್ಚಿ ಹಾಕುವ ಭಾಗವಾದರೆ ಮುಂದೆ ಹೇಳುವ ಟೈಪ್ 2 ಆನೋಡೈಸಿಂಗ್ ಮಾಡಿಸಿ. ಆನೋಡೈಸಿಂಗ್ ಅಂದರೆ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಆಕ್ಸೈಡ್ ಪದರವನ್ನು ದಪ್ಪ ಮಾಡುವುದು.

ತುಕ್ಕೇ ಹಿಡಿಯಲ್ಲ ಅಂತಾರೆ. ಹಾಗಿದ್ರೆ ಕಡಲ ನೀರಿಗೆ ಕೋಟಿಂಗ್ ಬೇಡ್ವಾ?

ಟೈಟಾನಿಯಂಗೆ ಬೇಡ. ಅದರ ಪಕ್ಕದ ಲೋಹದ ಬಗ್ಗೆ ಯೋಚಿಸಿ. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಅಥವಾ ಸಾಮಾನ್ಯ ಉಕ್ಕು ಟೈಟಾನಿಯಂಗೆ ತಾಗಿಕೊಂಡಿದ್ದರೆ ಕರಗುವುದು ಅವು. ನಡುವೆ ವಿದ್ಯುತ್ ಹರಿಯದ ವಾಷರ್ ಅಥವಾ ಸೀಲಂಟ್ ಹಾಕಿ. ಕಾರ್ಬನ್ ಫೈಬರ್ ಜೊತೆ ಟೈಟಾನಿಯಂ ಚೆನ್ನಾಗಿ ಹೊಂದಿಕೊಳ್ಳುತ್ತದೆ. ವಿಮಾನಗಳಲ್ಲಿ ಆ ಜೋಡಿ ಅಷ್ಟೊಂದು ಕಾಣುವುದಕ್ಕೆ ಇದೂ ಒಂದು ಕಾರಣ.

ನೀಲಿ ಬಣ್ಣದ ಆನೋಡೈಸಿಂಗ್ ಮಾಡಿಸಿದೆ. ಎರಡೇ ವಾರಕ್ಕೆ ಗೀರು ಬಿತ್ತು. ಮೋಸ ಹೋದ್ನಾ?

ಇಲ್ಲ, ಬಣ್ಣದ ಆನೋಡೈಸಿಂಗ್ ಇರುವುದೇ ಬಣ್ಣಕ್ಕೆ. ಅಲ್ಯೂಮಿನಿಯಂ ಆನೋಡೈಸಿಂಗ್ ನೋಡಿದವರಿಗೆ ಈ ಗೊಂದಲ ಸಹಜ. ಅಲ್ಲಿ ಹತ್ತಾರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಗಡಸು ಪದರ ಬೆಳೆಸಬಹುದು. ಟೈಟಾನಿಯಂ ಮೇಲೆ ಬಣ್ಣ ಕೊಡುವ ಪದರ ಸುಮಾರು 30ರಿಂದ 200 ನ್ಯಾನೋಮೀಟರ್, ಅಂದರೆ ಒಂದು ಮೈಕ್ರಾನಿನ ಐದನೇ ಒಂದು ಭಾಗವೂ ದಾಟುವುದಿಲ್ಲ.

ಅದರಲ್ಲಿ ಬಣ್ಣದ ಪುಡಿಯೂ ಇಲ್ಲ. ಪದರದ ಮೇಲ್ಭಾಗದಿಂದ ಮತ್ತು ತಳದಿಂದ ಹಿಂದಿರುಗುವ ಬೆಳಕು ಒಂದರೊಡನೊಂದು ಸೇರಿ ಬಣ್ಣ ಕಾಣಿಸುತ್ತದೆ, ನೀರಿನ ಮೇಲೆ ತೇಲುವ ಎಣ್ಣೆಯಲ್ಲಿ ಕಾಣುವ ಹಾಗೆ. ವೋಲ್ಟೇಜ್ ಏರಿಸಿದಷ್ಟೂ ಪದರ ದಪ್ಪವಾಗಿ ಬಣ್ಣ ಬದಲಾಗುತ್ತದೆ: 25–30 ವೋಲ್ಟಿಗೆ ನೀಲಿ, 55–60ರ ಹೊತ್ತಿಗೆ ಚಿನ್ನದ ಹಳದಿ. ದ್ರಾವಣ ಬೇರೆಯಾದರೆ ಅಂಕಿ ಸ್ವಲ್ಪ ಆಚೆ ಈಚೆ ಆಗುತ್ತದೆ. ಮೂಳೆಗೆ ಹಾಕುವ ಸ್ಕ್ರೂಗಳಲ್ಲಿ ಅಳತೆ ಗುರುತಿಸಲು ಈ ಬಣ್ಣಗಳನ್ನು ಬಳಸುತ್ತಾರೆ. ಅದು ಇದಕ್ಕೆ ತಕ್ಕ ಕೆಲಸ.

ಹಾಗಿದ್ರೆ ಟೈಪ್ 2 ಅಂತಾರಲ್ಲ, ಅದೇನು?

ಅದು ಬಾಳಿಕೆಗೆಂದೇ ಇರುವ ಆನೋಡೈಸಿಂಗ್. ಎಎಂಎಸ್ 2488 ಅನ್ನುವ ವಿಮಾನ ಉದ್ಯಮದ ಮಾನದಂಡದಲ್ಲಿ ಇದರ ವಿವರ ಇದೆ. ಕ್ಷಾರದ ದ್ರಾವಣದಲ್ಲಿ ಮಾಡುತ್ತಾರೆ, ಮಂಕಾದ ಬೂದು ಬಣ್ಣ ಬರುತ್ತದೆ. ನೋಡಲು ಏನೂ ಇಲ್ಲ, ಕೆಲಸಕ್ಕೆ ಒಳ್ಳೆಯದು. ಕಚ್ಚಿಕೊಳ್ಳುವುದು ಕಡಿಮೆಯಾಗುತ್ತದೆ, ಒಣ ಲೇಪಗಳು ಅದರ ಮೇಲೆ ಚೆನ್ನಾಗಿ ಹಿಡಿದುಕೊಳ್ಳುತ್ತವೆ, ಭಾಗದ ಅಳತೆ ಬದಲಾಗುವುದು ತೀರಾ ಕಡಿಮೆ. ಥ್ರೆಡ್, ಪಿನ್, ಬುಷ್ ಇಂಥವಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಮರಳು, ಧೂಳು ಸೇರಿ ಉಜ್ಜುವ ಜಾಗಕ್ಕೆ ಮಾತ್ರ ಇದು ಸಾಲದು.

ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿದ್ರೂ ಬಣ್ಣ ಬರುತ್ತೆ. ಅದೂ ಗಟ್ಟಿಯಾಗುತ್ತಾ?

ಬಣ್ಣ ಬರುತ್ತದೆ, ಅಷ್ಟೇ. ಒಡವೆಗೆ, ಕೀಚೈನಿಗೆ ಪರವಾಗಿಲ್ಲ. ಹೊರೆ ಹೊರುವ ಭಾಗಕ್ಕೆ ದಯವಿಟ್ಟು ಮಾಡಬೇಡಿ. ಎಲ್ಲಿ ಎಷ್ಟು ಬಿಸಿಯಾಯಿತು ಅನ್ನುವುದು ಕೈಯಲ್ಲಿರುವುದಿಲ್ಲ, ಒಳಕ್ಕೆ ಆಮ್ಲಜನಕ ಹೋದರೆ ಮೇಲ್ಮೈ ಪೆಡಸಾಗುತ್ತದೆ.

## ಯಾವುದನ್ನು ಆರಿಸಿಕೊಳ್ಳುವುದು?

ನೈಟ್ರೈಡಿಂಗ್ ಮಾಡಿದ್ದೂ ಚಿನ್ನದ ಬಣ್ಣ, ಪಿವಿಡಿ ಮಾಡಿದ್ದೂ ಚಿನ್ನದ ಬಣ್ಣ. ಎರಡೂ ಒಂದೇನಾ?

ಮೇಲೆ ಕಾಣುವುದು ಎರಡರಲ್ಲೂ ಟೈಟಾನಿಯಂ ನೈಟ್ರೈಡ್. ಗಡಸು ಸುಮಾರು 2000 ವಿಕರ್ಸ್. ವ್ಯತ್ಯಾಸ ಇರುವುದು ಅದರ ಕೆಳಗೆ.

ಪಿವಿಡಿಯಲ್ಲಿ ನಿರ್ವಾತದ ಕೋಣೆಯೊಳಗೆ ಲೋಹದ ಆವಿಯನ್ನು ಭಾಗದ ಮೇಲೆ ಕೂರಿಸುತ್ತಾರೆ. ಸಾಮಾನ್ಯವಾಗಿ 1ರಿಂದ 5 ಮೈಕ್ರಾನ್ ದಪ್ಪ. ಬಿಸಿ 500 ಡಿಗ್ರಿ ದಾಟಬೇಕಾಗಿಲ್ಲ, ಎಷ್ಟೋ ಕೋಟಿಂಗ್‌ಗಳು 200–300 ಡಿಗ್ರಿಯಲ್ಲೇ ಮುಗಿಯುತ್ತವೆ. ಭಾಗ ಸೊಟ್ಟಗಾಗುವುದಿಲ್ಲ. ಆದರೆ ಗಡಸು ಪದರ ಒಂದು ಗೆರೆಯಲ್ಲಿ ಮುಗಿಯುತ್ತದೆ, ಅದರ ಕೆಳಗೆ ತಕ್ಷಣ ಮೆತ್ತಗಿನ ಲೋಹ.

ನೈಟ್ರೈಡಿಂಗ್‌ನಲ್ಲಿ ಭಾಗವನ್ನು ಸಾರಜನಕದಲ್ಲಿ 700ರಿಂದ 950 ಡಿಗ್ರಿಯವರೆಗೆ ಗಂಟೆಗಟ್ಟಲೆ ಕಾಯಿಸುತ್ತಾರೆ. ಸಾರಜನಕ ಲೋಹದೊಳಕ್ಕೆ ಇಳಿಯುತ್ತದೆ. ಮೇಲೆ ಕೆಲವು ಮೈಕ್ರಾನ್ ನೈಟ್ರೈಡ್, ಅದರ ಕೆಳಗೆ ಹತ್ತಾರು ಮೈಕ್ರಾನಿನವರೆಗೆ ಗಡಸು ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಹೀಗೆ ಇಳಿಜಾರಾಗಿ ಇರುವುದರಿಂದ ಪದರ ಸುಲಭಕ್ಕೆ ಏಳುವುದಿಲ್ಲ. ಬದಲಿಗೆ ಆ ಬಿಸಿಯ ಬೆಲೆ ತೆರಬೇಕು. ಅದನ್ನು ಕೊನೆಯ ಭಾಗದಲ್ಲಿ ಬಿಡಿಸಿ ಹೇಳಿದ್ದೇನೆ.

ಒಂದು ಎಚ್ಚರಿಕೆ. ಉಕ್ಕಿಗೆ ಅಮೋನಿಯಾದಲ್ಲಿ ನೈಟ್ರೈಡಿಂಗ್ ಮಾಡುವ ಕುಲುಮೆಗೆ ಟೈಟಾನಿಯಂ ಕೊಡಬೇಡಿ. ಅಮೋನಿಯಾ ಒಡೆದಾಗ ಬರುವ ಹೈಡ್ರೋಜನ್ ಟೈಟಾನಿಯಂ ಒಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಶುದ್ಧ ಸಾರಜನಕ ಅಥವಾ ಪ್ಲಾಸ್ಮಾ ನೈಟ್ರೈಡಿಂಗ್ ಬೇಕು. ಲೇಸರಿನಿಂದ ಮೇಲ್ಮೈಯನ್ನು ಕರಗಿಸಿ ಅಲ್ಲಿಗೆ ಸಾರಜನಕ ಊದುವ ಕ್ರಮವೂ ಇದೆ. ಉಗಿ ಟರ್ಬೈನಿನ ಕೊನೆಯ ಸಾಲಿನ ಬ್ಲೇಡ್‌ಗಳ ಅಂಚು ನೀರಿನ ಹನಿಗಳ ಏಟಿಗೆ ಕೊರೆದುಹೋಗದಂತೆ ಅದನ್ನು ಬಳಸುತ್ತಾರೆ.

ದುಬಾರಿ ಡಿಎಲ್‌ಸಿ ಕೋಟಿಂಗ್ ಹಾಕಿಸಿದೆ. ಚಕ್ಕೆ ಎದ್ದು ಬಂತು. ಕೋಟಿಂಗ್ ಕಳಪೆನಾ?

ಕಳಪೆ ಇರಬಹುದು. ಆದರೆ ಹೆಚ್ಚು ಸಲ ತಪ್ಪು ಕೋಟಿಂಗಿನ ಕೆಳಗೆ ಇರುತ್ತದೆ. ಹಾಸಿಗೆಯ ಮೇಲೆ ತೆಳು ಗಾಜಿನ ಹಾಳೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ ನೋಡಿ. ಗಾಜು ಗಡಸೇ, ಆದರೂ ಕೆಳಗಿನದು ತಗ್ಗಿದ್ದರಿಂದ ಒಡೆಯುತ್ತದೆ. ಡಿಎಲ್‌ಸಿ ಅಂದರೆ ವಜ್ರದ ಗುಣ ಸ್ವಲ್ಪ ಇರುವ ಇಂಗಾಲದ ಪದರ, ಕೆಲವೇ ಮೈಕ್ರಾನ್ ದಪ್ಪ. ಒತ್ತಡ ಒಂದು ಬಿಂದುವಿನ ಮೇಲೆ ಬಿದ್ದರೆ ಟೈಟಾನಿಯಂ ತಗ್ಗುತ್ತದೆ, ಪದರ ಬಿರಿಯುತ್ತದೆ. ಎದ್ದ ಚಕ್ಕೆಗಳು ಮಧ್ಯೆ ಸಿಕ್ಕಿಕೊಂಡು ಉಳಿದ ಭಾಗವನ್ನೂ ಅರೆಯುತ್ತವೆ.

ಇದಕ್ಕೆ ಪರಿಹಾರ ಎರಡು ಹಂತದ ಕೆಲಸ. ಮೊದಲು ನೈಟ್ರೈಡಿಂಗ್ ಅಥವಾ ಆಕ್ಸಿಡೇಶನ್ ಮಾಡಿ ಟೈಟಾನಿಯಂ ಅನ್ನೇ ಸ್ವಲ್ಪ ಆಳದವರೆಗೆ ಗಡಸು ಮಾಡುತ್ತಾರೆ. ಆಮೇಲೆ ಅದರ ಮೇಲೆ ಡಿಎಲ್‌ಸಿ ಅಥವಾ ಪಿವಿಡಿ. ನಡುವೆ ಕ್ರೋಮಿಯಂ ಅಥವಾ ಸಿಲಿಕಾನಿನ ತೆಳು ಅಂಟುಪದರ ಇದ್ದರೆ ಹಿಡಿತ ಇನ್ನೂ ಚೆನ್ನ. ಒತ್ತಡ ಹಗುರವಾಗಿ, ದೊಡ್ಡ ಜಾಗದ ಮೇಲೆ ಹರಡಿದ್ದರೆ ಬರೀ ಡಿಎಲ್‌ಸಿಯೇ ಸಾಕು, ಮತ್ತು ಜಾರುವಿಕೆಯಲ್ಲಿ ಅದಕ್ಕೆ ಸಾಟಿ ಕಡಿಮೆ. ಬಿಸಿ ಜಾಗಕ್ಕೆ ಬೇಡ. ಹೈಡ್ರೋಜನ್ ಇರುವ ಸಾಮಾನ್ಯ ಡಿಎಲ್‌ಸಿ 300 ಡಿಗ್ರಿಯ ಸುಮಾರಿಗೆ ಕೆಡಲು ಶುರುವಾಗುತ್ತದೆ.

ಬರೀ ಗಾಳಿಯಲ್ಲಿ ಕಾಯಿಸಿಯೇ ಗಡಸು ಮಾಡ್ತಾರಂತೆ. ನೀವು ನೋಡಿದ್ರೆ ಕಾಯಿಸಬೇಡಿ ಅಂತೀರಿ?

ಎರಡೂ ನಿಜ. 600–650 ಡಿಗ್ರಿಯಲ್ಲಿ, ಹತ್ತಾರು ಗಂಟೆ, ಕುಲುಮೆಯಲ್ಲಿ ಹದವಾಗಿ ಕಾಯಿಸಿದರೆ ಮೇಲೆ ರೂಟೈಲ್ ಅನ್ನುವ ಗಡಸು ಆಕ್ಸೈಡ್ ಒಂದೆರಡು ಮೈಕ್ರಾನ್ ಬೆಳೆಯುತ್ತದೆ. ಅದರ ಕೆಳಗೆ ಆಮ್ಲಜನಕ ಇಳಿದು ಗಡಸಾದ ಪದರ ಸಿಗುತ್ತದೆ. ಖರ್ಚು ಕಡಿಮೆ, ಭಾಗದ ಒಳಮೂಲೆಗಳಿಗೂ ತಲುಪುತ್ತದೆ. ಇದೇ ಕೆಲಸ ಹದ ತಪ್ಪಿ, ಇನ್ನೂ ಹೆಚ್ಚು ಬಿಸಿಯಲ್ಲಿ ನಡೆದರೆ ಆಕ್ಸೈಡ್ ದಪ್ಪವಾಗಿ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆಮ್ಲಜನಕ ತುಂಬಿದ ಪೆಡಸು ಪದರ ಆಳಕ್ಕೆ ಹೋಗುತ್ತದೆ. ಅದಕ್ಕೆ ಆಲ್ಫಾ ಕೇಸ್ ಅನ್ನುತ್ತಾರೆ. ವಿಮಾನದ ಭಾಗಗಳಲ್ಲಿ ಅದು ಉಳಿಯಲು ಬಿಡುವುದಿಲ್ಲ.

ಟೈಟಾನಿಯಂ ವಾಚ್‌ಗಳಿಗೆ ಗೀರು ಬೀಳಲ್ಲ ಅಂತಾರೆ. ಹೇಗೆ?

ಸಾದಾ ಟೈಟಾನಿಯಂ ವಾಚಿಗೆ ಬೀಳುತ್ತದೆ. ಮೊದಲ ಟೈಟಾನಿಯಂ ವಾಚನ್ನು 1970ರಲ್ಲಿ ತಂದ ಸಿಟಿಜನ್ ಮುಂದೆ ಡ್ಯುರಾಟೆಕ್ಟ್ ಹೆಸರಿನಲ್ಲಿ ಮೇಲ್ಮೈ ಗಡಸು ಮಾಡುವ ಕ್ರಮಗಳನ್ನು ಬೆಳೆಸಿತು. ಕೆಲವದರಲ್ಲಿ ಅನಿಲಗಳನ್ನು ಲೋಹದೊಳಗೆ ಇಳಿಸುತ್ತಾರೆ, ಕೆಲವದರಲ್ಲಿ ಮೇಲೆ ಪದರ ಕೂರಿಸುತ್ತಾರೆ. ಹಿಂದಿನ ಉತ್ತರಗಳಲ್ಲಿ ಹೇಳಿದ ಎರಡೇ ದಾರಿ.

ನಿಕಲ್ ಅಥವಾ ಕ್ರೋಮ್ ಪ್ಲೇಟಿಂಗ್ ಯಾಕೆ ನಿಲ್ಲಲ್ಲ?

ಅದೇ ಆಕ್ಸೈಡ್ ಪದರದ ಕಾಟ. ತೊಳೆದು ತೆಗೆದ ಕ್ಷಣದಲ್ಲೇ ಮತ್ತೆ ಬೆಳೆಯುತ್ತದೆ, ಪ್ಲೇಟಿಂಗ್ ಲೋಹದ ಮೇಲೆ ಕೂರದೆ ಆಕ್ಸೈಡಿನ ಮೇಲೆ ಕೂರುತ್ತದೆ. ಸರಿಯಾಗಿ ಕೆರೆದು, ಸಕ್ರಿಯಗೊಳಿಸಿ, ತಡಮಾಡದೆ ಮುಂದಿನ ತೊಟ್ಟಿಗೆ ಇಳಿಸುವ ಕಾರ್ಖಾನೆಯಾದರೆ ನಿಲ್ಲುತ್ತದೆ. ಟೈಟಾನಿಯಂ ಮೇಲೆ ಮಾಡಿದ ಅನುಭವ ಇದೆಯಾ ಅಂತ ಕೇಳಿ, ಮಾದರಿ ತುಂಡು ಬಗ್ಗಿಸಿ ತೋರಿಸಲು ಹೇಳಿ.

ದೇಹದೊಳಗೆ ಇಡುವ ಭಾಗಗಳಿಗೂ ಇವೇ ಟ್ರೀಟ್‌ಮೆಂಟಾ?

ಸ್ವಲ್ಪ ಬೇರೆ. ಅಲ್ಲಿ ಎರಡು ತದ್ವಿರುದ್ಧ ಬೇಡಿಕೆ ಇದೆ. ಮೂಳೆಗೆ ತಾಗುವ ಕಡೆ ಒರಟಾಗಿರಬೇಕು. ಟೈಟಾನಿಯಂ ಜೊತೆ ಮೂಳೆ ನೇರವಾಗಿ ಬೆಸೆದುಕೊಳ್ಳುತ್ತದೆ ಅನ್ನುವುದನ್ನು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಗಮನಿಸಿದರು. 1965ರಲ್ಲಿ ಮೊದಲ ಬಾರಿ ರೋಗಿಯೊಬ್ಬರಿಗೆ ಹಲ್ಲಿನ ಇಂಪ್ಲಾಂಟ್ ಹಾಕಿದರು. ಈಗ ಹಲ್ಲಿನ ಇಂಪ್ಲಾಂಟ್‌ಗಳನ್ನು ಕಣ ಸಿಡಿಸಿ, ಆಸಿಡ್‌ನಲ್ಲಿ ಕೆರೆದು ಬೇಕೆಂದೇ ಒರಟು ಮಾಡುತ್ತಾರೆ.

ಉಜ್ಜುವ ಕೀಲಿನ ಕಡೆ ಇದರ ತಿರುವುಮುರುವು. ಸೊಂಟದ ಕೀಲಿನ ಗುಂಡನ್ನು ಸಾದಾ ಟೈಟಾನಿಯಂನಲ್ಲಿ ಮಾಡಿ ನೋಡಿದರು. ಅದು ಸವೆದು ಸುತ್ತಲಿನ ಮಾಂಸ ಕಪ್ಪಾಯಿತು. ಈಗ ಗುಂಡಿಗೆ ಸೆರಾಮಿಕ್ ಅಥವಾ ಕೋಬಾಲ್ಟ್-ಕ್ರೋಮ್ ಬಳಸುತ್ತಾರೆ, ಟೈಟಾನಿಯಂ ಮೂಳೆಯೊಳಗಿನ ಕಾಂಡದಲ್ಲಿ ಇರುತ್ತದೆ.

## ಆಳದ ಪ್ರಶ್ನೆಗಳು

ನೈಟ್ರೈಡಿಂಗ್ ಮಾಡಿಸಿದ ಮೇಲೆ ಶಾಫ್ಟ್ ಮುರೀತು. ಮೊದಲು ಸವೀತಿತ್ತು, ಆದ್ರೆ ಮುರಿದಿರ್ಲಿಲ್ಲ. ಗಟ್ಟಿ ಮಾಡಿದ್ದು ಹೇಗೆ ಮುರಿಯುತ್ತೆ?

ನನಗೆ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ತೂಕ ಹೆಚ್ಚು. ಮತ್ತೆ ಮತ್ತೆ ಬೀಳುವ ಹೊರೆಗೆ ಲೋಹ ದಣಿಯುತ್ತದೆ. ಆ ದಣಿವಿನ ಬಿರುಕು ಹೆಚ್ಚಾಗಿ ಮೇಲ್ಮೈಯಲ್ಲೇ ಹುಟ್ಟುವುದು. ನೈಟ್ರೈಡ್ ಪದರ ಗಡಸು, ಆದರೆ ಪೆಡಸು. ಶಾಫ್ಟ್ ಬಾಗಿದಾಗ ಟೈಟಾನಿಯಂ ಹಿಗ್ಗುತ್ತದೆ, ನೈಟ್ರೈಡ್ ಹಿಗ್ಗದೆ ಬಿರಿಯುತ್ತದೆ. ಆ ಬಿರುಕು ಕೆಳಗಿನ ಲೋಹಕ್ಕೆ ಚೂಪಾದ ಕಚ್ಚು ಹಾಕಿದ ಹಾಗೆ. ಸಾಮಾನ್ಯವಾಗಿ ಬಿರುಕು ಹುಟ್ಟಲು ಬೇಕಾಗುವ ದೀರ್ಘ ಸಮಯ ನಿಮಗೆ ಸಿಗದೇ ಹೋಯಿತು.

ಎರಡನೆಯ ಕಾರಣ ಬಿಸಿ. ಗ್ರೇಡ್ 5 ಸುಮಾರು 995 ಡಿಗ್ರಿಗೆ ಪೂರ್ತಿ ಬೀಟಾ ಅನ್ನುವ ಬೇರೆ ಹರಳಿನ ರೂಪಕ್ಕೆ ತಿರುಗುತ್ತದೆ. ಅದರ ಹತ್ತಿರ ಗಂಟೆಗಟ್ಟಲೆ ಇಟ್ಟರೆ ಲೋಹದ ಹರಳುಗಳು ದಪ್ಪಗೆ ಬೆಳೆಯುತ್ತವೆ. ದಪ್ಪ ಹರಳಿನ ಲೋಹ ಬೇಗ ದಣಿಯುತ್ತದೆ. ಪದರವನ್ನು ಕೆರೆದು ತೆಗೆದರೂ ಈ ನಷ್ಟ ಹಿಂದೆ ಬರುವುದಿಲ್ಲ.

ಏನು ಮಾಡಬಹುದು? ಉಜ್ಜುವ ಜಾಗಕ್ಕೆ ಮಾತ್ರ ಟ್ರೀಟ್‌ಮೆಂಟ್ ಮಾಡಿಸಿ, ಹೊರೆ ಜಾಸ್ತಿ ಬೀಳುವ ಮೂಲೆ, ಮೆಟ್ಟಿಲುಗಳನ್ನು ಮುಚ್ಚಿಡಿ. ಕಡಿಮೆ ಬಿಸಿಯ ಪ್ಲಾಸ್ಮಾ ನೈಟ್ರೈಡಿಂಗ್ ಕೇಳಿ, ಪದರ ತೆಳುವಾದರೂ ಒಳಗಿನ ಲೋಹ ಉಳಿಯುತ್ತದೆ. ಸಾಧ್ಯವಾದರೆ ಶಾಫ್ಟಿನ ಮೇಲೆ ಗಡಸು ಉಕ್ಕಿನ ತೋಳು ಕೂರಿಸಿ, ಟೈಟಾನಿಯಂ ಅನ್ನು ಅದರ ಪಾಡಿಗೆ ಬಿಡಿ. ಎಷ್ಟೋ ಸಲ ನಾನು ಕೊಡುವ ಸಲಹೆ ಈ ಕೊನೆಯದೇ.

ಬಿರುಕಿಗೆ ಶಾಟ್ ಪೀನಿಂಗ್ ಒಳ್ಳೆಯದು ಅಂತಾರೆ. ಯಾವ ಗುಂಡು, ಯಾವಾಗ ಹೊಡೀಬೇಕು?

ಸಣ್ಣ ಗುಂಡುಗಳು ಬಡಿದಾಗ ಮೇಲ್ಮೈಯ ಲೋಹ ಹರಡಲು ನೋಡುತ್ತದೆ, ಕೆಳಗಿನದು ಬಿಡುವುದಿಲ್ಲ. ಹಾಗಾಗಿ ಮೇಲಿನ ಪದರ ಅಮುಕಿದ ಸ್ಥಿತಿಯಲ್ಲಿ ಉಳಿಯುತ್ತದೆ. ಬಿರುಕು ತೆರೆದುಕೊಳ್ಳಲು ಮೊದಲು ಈ ಅಮುಕನ್ನು ಗೆಲ್ಲಬೇಕು. ಸವೆತಕ್ಕೆ ಇದರಿಂದ ದೊಡ್ಡ ಲಾಭ ಇಲ್ಲ.

ಗಾಜಿನ ಅಥವಾ ಸೆರಾಮಿಕ್ ಗುಂಡು ಬಳಸಿ. ಉಕ್ಕಿನ ಗುಂಡಾದರೆ ಕಬ್ಬಿಣದ ಕಣ ಮೇಲ್ಮೈಯಲ್ಲಿ ಹೂತು ಉಳಿಯುತ್ತದೆ, ಆಮೇಲೆ ಅದನ್ನು ತೊಳೆದು ತೆಗೆಯಲೇಬೇಕು. ಹೊಡೆತದ ತೀವ್ರತೆಯನ್ನು ಆಲ್ಮೆನ್ ಪಟ್ಟಿ ಅನ್ನುವ ತೆಳು ಉಕ್ಕಿನ ಪಟ್ಟಿ ಎಷ್ಟು ಬಾಗಿತು ಅನ್ನುವುದರಿಂದ ಅಳೆಯುತ್ತಾರೆ. ಜಾಸ್ತಿ ಹೊಡೆದರೆ ಮಡಿಕೆ, ಸಣ್ಣ ಬಿರುಕು ಬಂದು ಕೆಲಸ ಕೆಡುತ್ತದೆ.

ಕ್ರಮ ಮುಖ್ಯ. ಹೆಚ್ಚು ಬಿಸಿಯ ಕೆಲಸಗಳೆಲ್ಲ ಮೊದಲು ಮುಗಿಯಲಿ. ಪೀನಿಂಗ್ ಆದ ಮೇಲೆ ಕಾಯಿಸಿದರೆ ಅಮುಕು ಸಡಿಲವಾಗುತ್ತದೆ. ಪೀನಿಂಗ್ ಮಾಡಿ, ಅದರ ಮೇಲೆ ಕಡಿಮೆ ಬಿಸಿಯ ಪಿವಿಡಿ ಅಥವಾ ಸ್ಪ್ರೇ ಕೋಟಿಂಗ್ ಹಾಕುವುದು ಒಳ್ಳೆಯ ಜೋಡಿ. ನೈಟ್ರೈಡ್ ಪದರದ ಮೇಲೆ ಗುಂಡು ಹೊಡೆದರೆ ಅದು ಒಡೆಯುತ್ತದೆ.

ಇನ್ನೂ ಆಳಕ್ಕೆ ಬೇಕಾದರೆ ಲೇಸರ್ ಪೀನಿಂಗ್ ಇದೆ. ಗುಂಡಿನ ಅಮುಕು ಒಂದೆರಡು ಹತ್ತನೇ ಮಿಲಿಮೀಟರಿಗೆ ಮುಗಿದರೆ, ಲೇಸರಿನದು ಒಂದು ಮಿಲಿಮೀಟರ್ ತಲುಪುತ್ತದೆ. ಬಿ-1ಬಿ ಬಾಂಬರ್ ವಿಮಾನದ ಎಫ್101 ಎಂಜಿನ್ನಿನ ಟೈಟಾನಿಯಂ ಫ್ಯಾನ್ ಬ್ಲೇಡ್‌ಗಳ ಅಂಚಿಗೆ ಕಲ್ಲು, ಚೂರು ಬಡಿದು ಕಚ್ಚು ಬೀಳುತ್ತಿತ್ತು. ಅಲ್ಲಿಂದ ಬಿರುಕು ಶುರು. 1990ರ ದಶಕದಲ್ಲಿ ಆ ಅಂಚುಗಳಿಗೆ ಲೇಸರ್ ಪೀನಿಂಗ್ ಮಾಡಿದರು. ಕಚ್ಚು ಬಿದ್ದರೂ ಅದರ ತುದಿ ಅಮುಕಿದ ಲೋಹದೊಳಗೇ ಇರುವುದರಿಂದ ಬಿರುಕು ಬೆಳೆಯುವುದು ತಗ್ಗಿತು.

ಎರಡು ಭಾಗ ಬಿಗಿಯಾಗೇ ಕೂತಿವೆ, ಅಲುಗಾಡಲ್ಲ. ಆದ್ರೂ ಕೂರುವ ಜಾಗದಲ್ಲಿ ಸವೆದು ಬಿರುಕು ಬರ್ತಿದೆ.

ಅಲುಗಾಡುತ್ತವೆ, ಕಣ್ಣಿಗೆ ಕಾಣದಷ್ಟು. ಕಂಪನದಿಂದ ಆಗುವ ಈ ಸಣ್ಣ ಉಜ್ಜಾಟಕ್ಕೆ ಫ್ರೆಟಿಂಗ್ ಅನ್ನುತ್ತಾರೆ, ಟೈಟಾನಿಯಂಗೆ ಇದು ದೊಡ್ಡ ಶತ್ರು. ಜೆಟ್ ಎಂಜಿನ್ನಿನ ಬ್ಲೇಡ್ ಬುಡದಲ್ಲಿ ಇದಕ್ಕೆ ಗಡಸು ಕೋಟಿಂಗ್ ಹಾಕುವ ಬದಲು ಮೆತ್ತಗಿನದನ್ನು ಹಾಕುತ್ತಾರೆ: ತಾಮ್ರ, ನಿಕಲ್, ಇಂಡಿಯಂ ಸೇರಿದ ಸ್ಪ್ರೇ ಪದರ, ಅದರ ಮೇಲೆ ಮಾಲಿಬ್ಡಿನಂ ಡೈಸಲ್ಫೈಡ್. ಸವೆಯುವುದು ಆ ಪದರ, ಬ್ಲೇಡ್ ಉಳಿಯುತ್ತದೆ. ದುರಸ್ತಿಯಲ್ಲಿ ಪದರವನ್ನು ಹೊಸದಾಗಿ ಹಾಕಬಹುದು.

ಆಲ್ಫಾ ಕೇಸ್ ಆಸಿಡ್‌ನಲ್ಲಿ ತೆಗೆದೆ. ಈಗ ಭಾಗ ಪೆಡಸಾಗಿದೆ ಅನ್ನಿಸ್ತಿದೆ. ಆಸಿಡ್ ಕಾರಣಾನಾ?

ಆಗಿರಬಹುದು. ಟೈಟಾನಿಯಂ ಕರಗಿಸುವುದು ಹೈಡ್ರೋಫ್ಲೋರಿಕ್ ಆಸಿಡ್. ಕರಗುವಾಗ ಹೈಡ್ರೋಜನ್ ಹುಟ್ಟುತ್ತದೆ, ಅದು ಲೋಹದೊಳಕ್ಕೆ ಹೋಗುತ್ತದೆ. ನೈಟ್ರಿಕ್ ಆಸಿಡ್ ಬೆರೆಸುವುದು ಇದನ್ನು ತಡೆಯಲು. ಹೈಡ್ರೋಫ್ಲೋರಿಕ್ ಒಂದು ಪಾಲಿಗೆ ನೈಟ್ರಿಕ್ ಸುಮಾರು ಹತ್ತು ಪಾಲು ಇರಬೇಕು. ತೊಟ್ಟಿ ಹಳೆಯದಾದಂತೆ ನೈಟ್ರಿಕ್ ಕಡಿಮೆಯಾಗುತ್ತದೆ, ಯಾರೂ ನೋಡುವುದಿಲ್ಲ, ಅಲ್ಲಿ ಎಡವುತ್ತಾರೆ. ಗ್ರೇಡ್ 5ರಲ್ಲಿ ಹೈಡ್ರೋಜನ್ ಶೇ. 0.015 ದಾಟಬಾರದು. ಉಕ್ಕಿನ ಹಾಗೆ 200 ಡಿಗ್ರಿಯ ಓವನ್ನಿನಲ್ಲಿ ಇಟ್ಟರೆ ಅದು ಹೊರಗೆ ಬರುವುದಿಲ್ಲ. ನಿರ್ವಾತದಲ್ಲಿ 700 ಡಿಗ್ರಿಯ ಸುಮಾರಿಗೆ ಕಾಯಿಸಬೇಕು.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಹೈಡ್ರೋಫ್ಲೋರಿಕ್ ಆಸಿಡ್ ಚರ್ಮಕ್ಕೆ ತಾಗಿದರೆ ಕೆಲವೊಮ್ಮೆ ತಕ್ಷಣ ಉರಿಯುವುದೂ ಇಲ್ಲ. ಒಳಗೆ ಇಳಿದು ದೇಹದ ಕ್ಯಾಲ್ಸಿಯಂ ಕಸಿದು ಜೀವ ತೆಗೆಯಬಹುದು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದ, ತರಬೇತಿ ಇಲ್ಲದ ಜಾಗದಲ್ಲಿ ಈ ಕೆಲಸ ಮಾಡಲೇಬೇಡಿ. ಮನೆಯಲ್ಲಂತೂ ಬೇಡವೇ ಬೇಡ.

ಎಲ್ಲ ಸರಿಯಾಗೇ ಮಾಡಿದ್ವಿ. ಆದ್ರೂ ಬಿರುಕು ಬಂತು. ಇನ್ನೇನು ನೋಡೋದು?

ಭಾಗವನ್ನು ಏನು ಮುಟ್ಟಿತು ಅಂತ ನೋಡಿ. 1960ರ ದಶಕದಲ್ಲಿ ಅಮೆರಿಕದ ಲಾಕ್‌ಹೀಡ್ ಕಂಪನಿ ಎ-12 ಬೇಹುಗಾರಿಕೆ ವಿಮಾನವನ್ನು ಹೆಚ್ಚಾಗಿ ಟೈಟಾನಿಯಂನಲ್ಲೇ ಕಟ್ಟುತ್ತಿತ್ತು. ಮುಂದೆ ಅದರಿಂದಲೇ ಎಸ್‌ಆರ್-71 ಬಂತು. ಕೆಲವು ಬೋಲ್ಟುಗಳ ತಲೆ ಬಿಸಿಯಾದ ಮೇಲೆ ಕಳಚಿ ಬೀಳುತ್ತಿದ್ದವು. ಕಾರಣ ಹುಡುಕಿದರೆ ಸಿಕ್ಕಿದ್ದು ಸ್ಪಾನರ್‌ಗಳ ಮೇಲಿನ ಕ್ಯಾಡ್ಮಿಯಂ ಲೇಪ. ಬೇಸಿಗೆಯಲ್ಲಿ ಬೆಸೆದ ಫಲಕಗಳು ಬೇಗ ಕೆಡುತ್ತಿದ್ದವು, ಚಳಿಗಾಲದವು ಬಾಳುತ್ತಿದ್ದವು. ಫಲಕ ತೊಳೆಯುತ್ತಿದ್ದದ್ದು ಕಾರ್ಖಾನೆಯಿದ್ದ ಬರ್ಬ್ಯಾಂಕ್ ಊರಿನ ನಲ್ಲಿ ನೀರಿನಲ್ಲಿ, ಅದಕ್ಕೆ ಬೇಸಿಗೆಯಲ್ಲಿ ಕ್ಲೋರಿನ್ ಜಾಸ್ತಿ ಹಾಕುತ್ತಿದ್ದರು. ತೊಳೆಯಲು ಬಟ್ಟಿ ಇಳಿಸಿದ ನೀರು ಬಳಸಿದ ಮೇಲೆ ಸರಿಹೋಯಿತು.

ನಿಮ್ಮಲ್ಲೂ ಇವನ್ನೇ ಹುಡುಕಿ: ಕ್ಯಾಡ್ಮಿಯಂ ಲೇಪದ ವಾಷರ್, ಕ್ಲೋರಿನ್ ಇರುವ ದ್ರಾವಕ, ಕುಲುಮೆಗೆ ಹೋಗುವ ಮುಂಚೆ ಬರಿಗೈಯಲ್ಲಿ ಮುಟ್ಟಿದ ಬೆವರಿನ ಗುರುತು. ನೀರಿಲ್ಲದ ಮೆಥನಾಲ್ ಕೂಡ ಹೊರೆಯಲ್ಲಿರುವ ಟೈಟಾನಿಯಂ ಅನ್ನು ಬಿರಿಸುತ್ತದೆ, ಅದರಲ್ಲಿ ತೊಳೆಯಬೇಡಿ.

ಕೋಟಿಂಗ್ ಮಾಡೋರಿಗೆ ಏನಂತ ಬರೆದು ಕೊಡ್ಲಿ? ಬಂದಿದ್ದು ಸರಿ ಇದೆ ಅಂತ ಹೇಗೆ ನೋಡ್ಲಿ?

"ಟೈಟಾನಿಯಂ ನೈಟ್ರೈಡ್ ಕೋಟಿಂಗ್" ಅಂತ ಒಂದು ಸಾಲು ಬರೆದರೆ ಅವರಿಗೆ ಅನುಕೂಲವಾದದ್ದು ಬರುತ್ತದೆ. ಲೋಹದ ಗ್ರೇಡ್, ಯಾವ ಮೇಲ್ಮೈಗೆ ಬೇಕು, ಯಾವುದಕ್ಕೆ ಬೇಡ, ಕನಿಷ್ಠ ಮತ್ತು ಗರಿಷ್ಠ ದಪ್ಪ, ಭಾಗ ದಾಟಬಾರದ ಬಿಸಿ, ಮುಂಚೆ ಪೀನಿಂಗ್ ಆಗಿದೆಯಾ ಇಲ್ಲವಾ, ಇಷ್ಟನ್ನೂ ಡ್ರಾಯಿಂಗಿನಲ್ಲೇ ಬರೆಯಿರಿ. ಅದೇ ಲೋಹದ ಎರಡು ಮೂರು ಮಾದರಿ ತುಂಡುಗಳನ್ನು ನಿಮ್ಮ ಭಾಗಗಳ ಜೊತೆಯಲ್ಲೇ ಕುಲುಮೆಗೆ ಕಳಿಸಿ.

ಬಂದ ಮೇಲೆ ಒಂದು ತುಂಡನ್ನು ಕತ್ತರಿಸಿ, ನಯಗೊಳಿಸಿ, ಮೈಕ್ರೋಸ್ಕೋಪಿನಲ್ಲಿ ದಪ್ಪ ನೋಡಿ. ಅಂಚಿನಿಂದ ಒಳಕ್ಕೆ ಸಣ್ಣ ಭಾರದಲ್ಲಿ ಗಡಸು ಅಳೆಯುತ್ತಾ ಹೋಗಿ. ಭಾರ ಜಾಸ್ತಿಯಾದರೆ ಸೂಜಿ ಪದರ ದಾಟಿ ಕೆಳಗಿನ ಲೋಹವನ್ನೇ ಅಳೆಯುತ್ತದೆ. ಸೂಜಿ ಇಳಿಯುವುದು ಪದರದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. ಪಿವಿಡಿ, ಡಿಎಲ್‌ಸಿ ಆದರೆ ಇನ್ನೊಂದು ತುಂಡಿನ ಮೇಲೆ ರಾಕ್‌ವೆಲ್ ಗಡಸು ಪರೀಕ್ಷೆಯ ಮೊನೆ ಒತ್ತಿಸಿ ಕುಳಿಯ ಸುತ್ತ ನೋಡಿ. ಕೂದಲೆಳೆ ಬಿರುಕುಗಳಿದ್ದರೆ ನಡೆಯುತ್ತದೆ. ಪದರ ಚಕ್ಕೆಯಾಗಿ ಎದ್ದಿದ್ದರೆ ಇಡೀ ಬ್ಯಾಚನ್ನು ಹಿಂದೆ ಕಳಿಸಿ. ಮೂರನೆಯ ತುಂಡನ್ನು ಹೆಸರು, ದಿನಾಂಕ ಬರೆದು ಎತ್ತಿಡಿ. ಆರು ತಿಂಗಳ ಮೇಲೆ ಭಾಗ ಏನಾದರೂ ಕೈಕೊಟ್ಟರೆ ಹೋಲಿಸಿ ನೋಡಲು ಅದೇ ಬೇಕಾಗುತ್ತದೆ.